ಅಳ್ಳೆಯ ಸಾಮು

ರಾಯಚೂರಿನ ಮಹಾತ್ಮಾ ಗಾಂಧಿ ಕ್ರೀಡಾಂಗಣದಲ್ಲಾಗಲಿ, ಮಾನ್ವಿ ದೇವದುರ್ಗಗಳ ಶಾಲಾ ಬಯಲುಗಳಲ್ಲಾಗಲಿ, ಬಿಸಿಲು ಚುರುಕಾಗುವುದಕ್ಕೆ ಮೊದಲೇ ಬಂದು, ನಾಲ್ಕಾರು ಸುತ್ತು ನಡೆದು, ಅನಂತರ ಒಂದು ಮಗ್ಗುಲಿಗೆ ನಿಂತು, ಕೈಗಳೆರಡನ್ನೂ ಟೊಂಕದ ಮೇಲಿರಿಸಿಕೊಂಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗುತ್ತ, ಬಾಗಿದ ಅದೇ ಭರದಲ್ಲಿ ಮೈಯನ್ನು ತಿರುಚುತ್ತ ಬೆವರು ಹರಿಸುವ ಗೃಹಸ್ಥರನ್ನು ಕಾಣದವರು ವಿರಳ. ಅವರ ಶ್ರದ್ಧೆಯನ್ನು ಹಳಿಯಲಾಗದು. ದಿನದ ಉಳಿದ ಹೊತ್ತನ್ನೆಲ್ಲ ಕಚೇರಿಯ ಕುರ್ಚಿಯಲ್ಲಿಯೋ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೋ ಕಳೆಯುವ ಮನುಷ್ಯನು ಪ್ರಾತಃಕಾಲದ ಅರ್ಧ ಗಂಟೆಯನ್ನು ದೇಹಕ್ಕೆ ಮೀಸಲಿಡುವುದೇ ದೊಡ್ಡ ಸಂಗತಿ. ಆದರೆ ಅವರು ಯಾವ ಎರಡು ಫಲಗಳನ್ನು ಬಯಸಿ ಹೀಗೆ ಬಾಗುವರೋ, ಅವುಗಳಲ್ಲಿ ಪಕ್ಕೆಯ ಕೆಳಗೆ ಮಡಿಕೆಗಟ್ಟಿದ ಕೊಬ್ಬು ಕರಗುವುದೆಂಬ ಮೊದಲನೆಯದು ಈ ದಾರಿಯಲ್ಲಿ ಸಿಕ್ಕುವುದೇ ಇಲ್ಲ. ನಡುವಿಗೆ ಬಲ ಬರುವುದೆಂಬ ಎರಡನೆಯದು ಸಿಕ್ಕಿದರೂ ಅತ್ಯಲ್ಪವಾಗಿ ಸಿಕ್ಕುವುದು. ಅಳ್ಳೆಯ ಸ್ನಾಯುಗಳಿಗೆ ಬಾಗಿಸುವ ಶಕ್ತಿ ಉಂಟೆಂಬುದು ನಿಜವಾದರೂ, ನಿತ್ಯಜೀವನದಲ್ಲಿ ಅವು ಹೊತ್ತಿರುವ ಮುಖ್ಯ ಕಾರ್ಯವೆಂದರೆ ದೇಹವು ಅನಪೇಕ್ಷಿತವಾಗಿ ಬಾಗದಂತೆಯೂ ತಿರುಚಿಕೊಳ್ಳದಂತೆಯೂ ತಡೆಹಿಡಿಯುವುದು. ಈ ಒಂದು ಅಂಶವನ್ನು ಗ್ರಹಿಸಿದವನಿಗೆ ಯಾವ ವ್ಯಾಯಾಮ ತಕ್ಕುದು, ಯಾವುದು ವ್ಯರ್ಥ ಎಂಬುದನ್ನು ಬೇರೊಬ್ಬರು ಹೇಳಬೇಕಾದ ಅಗತ್ಯ ಬಹಳವಿರದು.

ಕೊಬ್ಬಿನ ವಿಷಯವನ್ನು ಮೊದಲು ಮುಗಿಸಿಬಿಡುವುದು ಲೇಸು. ದೇಹದ ಯಾವ ಭಾಗವನ್ನು ದುಡಿಸುವೆವೋ ಆ ಭಾಗದ ಮೇಲಿನ ಮೇದಸ್ಸೇ ಕರಗುವುದೆಂಬ ನಂಬಿಕೆ ಎಷ್ಟು ಸಹಜವೋ ಅಷ್ಟೇ ನಿರಾಧಾರವಾದುದು. 1984ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 13 ಜನ ಪುರುಷರು 27 ದಿನಗಳ ಅವಧಿಯಲ್ಲಿ ತಲೆಗೆ 5,004ರಂತೆ ಮಲಗಿ ಏಳುವ ಉದರ ವ್ಯಾಯಾಮವನ್ನು ಮಾಡಿದರು. ಅನಂತರ ಹೊಟ್ಟೆ, ಬೆನ್ನು, ನಿತಂಬಗಳಿಂದ ಕೊಬ್ಬಿನ ಕಣಗಳನ್ನು ತೆಗೆದು ಅಳೆದು ನೋಡಿದಾಗ, ಅಷ್ಟೊಂದು ದುಡಿದ ಹೊಟ್ಟೆಯ ಕಣಗಳು ದುಡಿಯದೆ ಇದ್ದ ಬೆನ್ನಿನ ಕಣಗಳಿಗಿಂತ ಹೆಚ್ಚಾಗಿ ಕುಗ್ಗಿದುದೇನೂ ಕಂಡುಬರಲಿಲ್ಲ. ದೇಹವು ತನ್ನ ಸಂಗ್ರಹದಿಂದ ಇಂಧನವನ್ನು ತೆಗೆಯುವಾಗ ನಮ್ಮ ಇಷ್ಟಾನಿಷ್ಟಗಳನ್ನು ವಿಚಾರಿಸುವುದಿಲ್ಲ. ಆದುದರಿಂದ ಸೊಂಟದ ಸುತ್ತಳತೆ ತಗ್ಗಬೇಕೆನ್ನುವವರು ಊಟದ ತಟ್ಟೆಯನ್ನೂ ದೀರ್ಘವಾದ ನಡಿಗೆಯನ್ನೂ ಆಶ್ರಯಿಸಲಿ. ಈ ಬರಹ ಬಲದ ವಿಚಾರವನ್ನು ಮಾತ್ರ ಕುರಿತದ್ದು.

ಪಕ್ಕೆಲುಬುಗಳ ಕೆಳ ಅಂಚಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ, ಯಾವ ಮೂಳೆಯ ರಕ್ಷಣೆಯೂ ಇಲ್ಲದೆ ಮೃದುವಾಗಿ ಕೈಗೆ ಸಿಕ್ಕುವ ಅಳ್ಳೆಯೆಂಬ ಆ ಎಡೆಯಲ್ಲಿ ಮೂರು ಸ್ನಾಯುಗಳು ಒಂದರ ಕೆಳಗೊಂದು ಹರಡಿಕೊಂಡಿವೆ. ಎಲ್ಲಕ್ಕೂ ಮೇಲಿನದು ಬಾಹ್ಯ ತಿರ್ಯಕ್ ಸ್ನಾಯು. ಕೆಳಗಿನ ಎಂಟು ಪಕ್ಕೆಲುಬುಗಳಿಂದ ಹೊರಟು, ಷರಾಯಿಯ ಕಿಸೆಗೆ ಕೈ ಹಾಕುವಾಗ ಬೆರಳುಗಳು ಹೋಗುವ ದಿಕ್ಕಿನಲ್ಲಿಯೇ, ಅಂದರೆ ಕೆಳಕ್ಕೂ ಮುಂದಕ್ಕೂ ಇದರ ಎಳೆಗಳು ಓಡುವುವು. ಅದರ ಕೆಳಗಿರುವ ಆಂತರ ತಿರ್ಯಕ್ ಸ್ನಾಯುವಿನ ಎಳೆಗಳು ಇದಕ್ಕೆ ಅಡ್ಡಲಾಗಿ, ಸೊಂಟದೆಲುಬಿನಿಂದ ಮೇಲಕ್ಕೂ ಮುಂದಕ್ಕೂ ಹರಡುವುವು. ಮೂರನೆಯದು ಹೊಟ್ಟೆಯನ್ನು ಅಡ್ಡಡ್ಡವಾಗಿ ಪಟ್ಟಿ ಕಟ್ಟಿದಂತೆ ಸುತ್ತುವರಿದಿದೆ. ಇವುಗಳ ಹಿಂದೆ, ಬೆನ್ನೆಲುಬಿನ ಇಕ್ಕೆಲದಲ್ಲಿ, ಕೊನೆಯ ಪಕ್ಕೆಲುಬನ್ನು ಸೊಂಟಕ್ಕೆ ಬಿಗಿಯುವ ಚೌಕಾಕಾರದ ಮತ್ತೊಂದು ಸ್ನಾಯು ಇದೆ. ಎದೆಯನ್ನು ಎಡಕ್ಕೆ ತಿರುಗಿಸಬೇಕಾದರೆ ಬಲಗಡೆಯ ಹೊರಸ್ನಾಯುವೂ ಎಡಗಡೆಯ ಒಳಸ್ನಾಯುವೂ ಏಕಕಾಲಕ್ಕೆ ಸೆಳೆಯಬೇಕು. ಒಂದು ಬದಿಗೆ ಬಾಗಬೇಕಾದರೆ ಆ ಬದಿಯ ಎರಡೂ ಕೂಡಿ ಸೆಳೆಯಬೇಕು. ಕೆಮ್ಮು, ಸೀನು, ನಗೆ, ಹೆರಿಗೆಯ ವೇಳೆಯ ಮುಕ್ಕರಿಕೆ, ಭಾರವೆತ್ತುವಾಗಿನ ಹೂಂಕಾರ, ಇವೆಲ್ಲವುಗಳಲ್ಲಿಯೂ ಉದರದ ಒತ್ತಡವನ್ನು ಹೆಚ್ಚಿಸುವ ಕೆಲಸ ಇವುಗಳದೇ.

ಹೊರೆ ಇಲ್ಲದಿರುವಾಗ ಬೆನ್ನುಮೂಳೆಯನ್ನು ನೆಟ್ಟಗೆ ನಿಲ್ಲಿಸುವುದು ಕಷ್ಟವಲ್ಲ. ಆದರೆ ಒಂದು ಕೈಯಲ್ಲಿ ಭಾರ ಹಿಡಿದ ಕ್ಷಣವೇ, ಗುಡಾರದ ಕಂಬವನ್ನು ಎದುರು ದಿಕ್ಕಿನ ಹಗ್ಗ ಎಳೆದು ನಿಲ್ಲಿಸುವಂತೆ, ಭಾರವಿಲ್ಲದ ಪಕ್ಕದ ಸ್ನಾಯುಗಳು ಬಿಗಿಯಬೇಕಾಗುವುದು. ಇದನ್ನು ಪರೀಕ್ಷಿಸಲು ಪಂಡಿತನಾಗಬೇಕಾದುದಿಲ್ಲ. ಎಡಗೈಯಲ್ಲಿ ನೀರು ತುಂಬಿದ ಬಕೆಟ್ಟನ್ನು ಹಿಡಿದು, ಬಲಗೈಯ ಬೆರಳುಗಳಿಂದ ಬಲ ಅಳ್ಳೆಯನ್ನು ಒತ್ತಿ ನೋಡಿದರೆ ಅದು ಕಲ್ಲಾಗಿರುವುದು ಗೊತ್ತಾಗುತ್ತದೆ. ಅದೇ ಭಾರದ ಇನ್ನೊಂದು ಬಕೆಟ್ಟನ್ನು ಮತ್ತೊಂದು ಕೈಗೂ ಕೊಡಿಸಿ, ಬೇರೆಯವರಿಂದ ಮುಟ್ಟಿಸಿ ನೋಡಿದರೆ ಆ ಕಾಠಿಣ್ಯ ಸಡಿಲಿಸಿರುವುದು. ವ್ಯಾಯಾಮಶಾಲೆಗಳಲ್ಲಿ ಎರಡು ಕೈಗಳಲ್ಲಿಯೂ ಸಮಭಾರದ ಡಂಬೆಲ್ಲುಗಳನ್ನು ಹಿಡಿದು ಎಡಬಲಕ್ಕೆ ತೂಗಾಡುವ ಯುವಕರು ತಿಳಿಯಬೇಕಾದುದು ಇದನ್ನೇ: ಒಂದು ಭಾರ ಇನ್ನೊಂದನ್ನು ಸಮತೂಗಿಬಿಡುವುದರಿಂದ ಅಳ್ಳೆಗೆ ಉಳಿಯುವ ಕೆಲಸ ಅಲ್ಪ. ಒಂದೇ ಕೈಯಲ್ಲಿ ಹಿಡಿದರೆ ಅರ್ಧ ತೂಕದಲ್ಲಿಯೇ ಹೆಚ್ಚಿನ ಶ್ರಮ.

ತಿರುಚುವಿಕೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಸೊಂಟದ ಭಾಗದಲ್ಲಿರುವ ಐದು ಕಶೇರುಗಳ ಕೀಲುಗಳು ಮುಂದಕ್ಕೆ ಬಾಗುವುದಕ್ಕೆ ಅನುಕೂಲವಾಗಿ ರಚಿತವಾದುವೇ ಹೊರತು ತಿರುಗುವುದಕ್ಕೆ ಅಲ್ಲ. ಒಂದೊಂದು ಕೀಲೂ ತಿರುಗಬಲ್ಲುದು ಒಂದರಿಂದ ಮೂರು ಡಿಗ್ರಿಗಳಷ್ಟು ಮಾತ್ರ. ಹಿಂದಿರುಗಿ ನೋಡುವಾಗ ನಮ್ಮ ಮೈ ತಿರುಗಿದಂತೆ ಕಾಣುವುದೆಲ್ಲ ಬಹುತೇಕ ಎದೆಯ ಭಾಗದ ಕಶೇರುಗಳದೂ ಪೃಷ್ಠದ ಕೀಲುಗಳದೂ ಕೊಡುಗೆ. ಆದುದರಿಂದ ಹೆಗಲಿಗೆ ಕೋಲನ್ನಿಟ್ಟುಕೊಂಡು, ಪಾದಗಳನ್ನು ನೆಟ್ಟು, ಭರಭರನೆ ಎಡಕ್ಕೂ ಬಲಕ್ಕೂ ಹೊರಳುವ ರೂಢಿಯನ್ನು ನಡುವಿನ ನೋವುಳ್ಳವರು ಬಿಡುವುದೇ ಒಳ್ಳೆಯದು. ಅದರಲ್ಲಿಯೂ ಎದ್ದ ಒಡನೆಯೇ ಮಾಡುವುದು ಸಲ್ಲದು. ರಾತ್ರಿ ಮಲಗಿದ್ದಾಗ ಕಶೇರುಗಳ ನಡುವಣ ಬಿಲ್ಲೆಗಳು ದ್ರವವನ್ನು ಹೀರಿ ಉಬ್ಬಿರುತ್ತವೆ, ಮುಂಜಾನೆಯ ಮೊದಲ ಗಂಟೆಯಲ್ಲಿ ಬಗ್ಗಿದಾಗ ಅವುಗಳ ಮೇಲೆ ಬೀಳುವ ಒತ್ತಡ ಹಗಲಿನದಕ್ಕಿಂತ ಹೆಚ್ಚು. ಹಾಸಿಗೆಯಿಂದೆದ್ದು ನೇರವಾಗಿ ಸಾಮಿಗೆ ಇಳಿಯುವ ನಮ್ಮ ಸಂಪ್ರದಾಯದ ಬಗೆಗೆ ಗೌರವವಿದ್ದೂ ಹೇಳುತ್ತೇನೆ, ಮೊದಲು ಅಷ್ಟು ದೂರ ನಡೆದಾಡಿ ಬನ್ನಿ.

ಅಳ್ಳೆಯನ್ನು ಬಾಗಿಸಿಯಲ್ಲ, ಬಾಗದಂತೆ ಹಿಡಿದೇ ಬಲಪಡಿಸಬೇಕೆಂಬ ಈ ತತ್ತ್ವವನ್ನು ಇಂದಿನವರು ಹೊಸದಾಗಿ ಕಂಡುಹಿಡಿದರೆಂದು ಭಾವಿಸಬೇಕಾಗಿಲ್ಲ. ರಾಯಚೂರು ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವೊಂದಿದೆ. ಜಟ್ಟಿಗಳು ಏನನ್ನು ಉಣ್ಣಬೇಕು, ಹೇಗೆ ಅಭ್ಯಾಸ ಮಾಡಬೇಕು ಎಂಬುದನ್ನು ಹೇಳುತ್ತ ಅರಸನು ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮೊದಲಾದ ಶ್ರಮಗಳನ್ನು ಎಣಿಸುತ್ತಾನೆ. ಭಾರವನ್ನೆತ್ತುವುದು, ನಡೆಯುವುದು, ಈಜುವುದು, ಕಂಬವನ್ನೇರಿ ಅಪ್ಪುವುದು: ಇವುಗಳಲ್ಲಿ ಪಕ್ಕೆಯನ್ನು ಪ್ರತ್ಯೇಕವಾಗಿ ಬಾಗಿಸುವ ಅಭ್ಯಾಸ ಒಂದೂ ಇಲ್ಲ, ಪಕ್ಕೆಯ ಸಹಾಯವಿಲ್ಲದೆ ಆಗುವ ಅಭ್ಯಾಸವೂ ಒಂದಿಲ್ಲ. ಕಂಬವನ್ನು ತೊಡೆಗಳಿಂದ ಬಿಗಿದು ಮೈಯನ್ನು ಅಡ್ಡಲಾಗಿ ಚಾಚಿ ನಿಲ್ಲುವ ಮಲ್ಲಗಂಬದ ಆಳಿನ ಅಳ್ಳೆಯಲ್ಲಿ ಎಂಥ ಸೆಳೆತವಿರಬೇಕೆಂಬುದನ್ನು ಊಹಿಸಬಹುದು.

ನಮ್ಮ ಕಡೆಯ ತಾಲೀಮುಗಳಲ್ಲಿ ವಸ್ತಾದರು ಕಲಿಸುವ ಗದೆಯ ವರಸೆಯೂ ಇದೇ ಜಾತಿಯದು. ಉದ್ದನೆಯ ಹಿಡಿಯ ತುದಿಯಲ್ಲಿ ಕಲ್ಲಿನ ಗುಂಡುಳ್ಳ ಗದೆಯನ್ನು ಬೆನ್ನ ಹಿಂದೆ ಇಳಿಬಿಟ್ಟು, ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಸುತ್ತಿ ತರುವಾಗ ನೋಡುವವರ ಕಣ್ಣು ಪೈಲ್ವಾನನ ತೋಳಿನ ಮೇಲೆ ನಿಲ್ಲುತ್ತದೆ. ಆದರೆ ಗುಂಡು ಒಂದು ಪಕ್ಕಕ್ಕೆ ತೂಗಿದಾಗ ಮುಂಡವೂ ಅದರ ಹಿಂದೆ ಹೋಗದಂತೆ ಹಿಡಿದಿಡುವುದು ಎದುರು ಪಕ್ಕದ ತಿರ್ಯಕ್ ಸ್ನಾಯುಗಳು. ಕುಸ್ತಿಯ ಢಾಕು, ಕಲಾಜಂಗ ಮುಂತಾದ ಪಟ್ಟುಗಳಲ್ಲಿ ಎದುರಾಳಿಯನ್ನು ಕೆಡಹುವ ಬಲ ತೊಡೆಯಲ್ಲಿ ಹುಟ್ಟಿದರೂ ಅದು ಭುಜವನ್ನು ಮುಟ್ಟುವುದು ಅಳ್ಳೆಯ ಮಾರ್ಗವಾಗಿಯೇ. ನಡುವು ಸಡಿಲಿದವನ ಬಲ ನಡುದಾರಿಯಲ್ಲಿ ಸೋರಿಹೋಗುವುದು. ವೀರಭದ್ರನ ಜಾತ್ರೆಗಳಲ್ಲಿ ಎತ್ತರದ ನಂದಿಕೋಲನ್ನು ಸೊಂಟಕ್ಕೆ ಕಟ್ಟಿದ ಜೋಳಿಗೆಯಲ್ಲಿ ನಿಲ್ಲಿಸಿಕೊಂಡು ಹೆಜ್ಜೆ ಹಾಕುವ ಭಕ್ತನನ್ನು ನೋಡಿ: ಕೋಲಿನ ತಲೆ ಗಾಳಿಗೆ ವಾಲಿದಾಗಲೆಲ್ಲ ಅದರ ಸನ್ನೆಯ ಭಾರವೆಲ್ಲ ಟೊಂಕಕ್ಕೆ ಬರುವುದು, ಆತನ ಕುಣಿತವೆಲ್ಲ ಆ ವಾಲುವಿಕೆಗೆ ನಡುವು ಕೊಡುವ ಪ್ರತ್ಯುತ್ತರವೇ ಆಗಿರುವುದು. ಭಕ್ತಿಯನ್ನು ವ್ಯಾಯಾಮವೆಂದು ಕರೆದರೆ ಕೆಲವರು ಮುನಿಯಬಹುದು. ಆದರೆ ದೇಹ ಎರಡರ ನಡುವೆ ಭೇದವೆಣಿಸುವಂತೆ ತೋರದು.

ರಾಯಚೂರಿನ ಕೋಟೆಯ ಪಶ್ಚಿಮದ ಒಳಗೋಡೆಯಲ್ಲಿ 41 ಅಡಿಗೂ ಮೀರಿದ ಉದ್ದದ ಒಂದೇ ಶಿಲೆ ಇದೆ. ಕಾಕತೀಯರ ಅಧಿಕಾರಿಯಾಗಿದ್ದ ಗೋರೆ ಗಂಗಯ್ಯರೆಡ್ಡಿ 1294ರಲ್ಲಿ ಈ ಕೋಟೆಯನ್ನು ಕಟ್ಟಿಸಿದ ಸಂಗತಿ ಅದರ ಮೇಲೆ ಕೆತ್ತಲ್ಪಟ್ಟಿದೆ; ಸನಿಹದಲ್ಲಿಯೇ ಆ ಬಂಡೆಯನ್ನು ಬಂಡಿಯ ಮೇಲೇರಿಸಿ ಕೋಣಗಳ ಉದ್ದ ಸಾಲಿನಿಂದ ಎಳೆಸಿ ತಂದ ಪರಿಯನ್ನೂ ಶಿಲ್ಪಿ ರೇಖಿಸಿದ್ದಾನೆ. ಗಾಲಿಗಳ ಹಿಂದೆ ಮರದ ಸನ್ನೆಗೋಲುಗಳನ್ನು ಕೊಟ್ಟು ಮೀಟುತ್ತಿರುವ ಆಳುಗಳು ಅಲ್ಲಿ ಇದ್ದಾರೆ. ಇತಿಹಾಸಕಾರರಿಗೆ ಅರಸರ ಹೆಸರು ಮುಖ್ಯವಾಗಿರಬಹುದು. ವ್ಯಾಯಾಮದ ಮಾತನ್ನಾಡುವ ನನಗೆ ಈ ಮೀಟುವವರು ಮುಖ್ಯ, ಏಕೆಂದರೆ ಸನ್ನೆಗೋಲು ಹಾಕಿದವನು ಒಂದು ಪಕ್ಕಕ್ಕೆ ನಿಂತು ನಡುವನ್ನು ತಿರುಚಗೊಡದೆ ಕಾಲಿನ ಬಲವನ್ನು ಕೈಗೆ ಸಾಗಿಸಬೇಕಾಗುವುದು. ಇಂಥ ಬಲದ ಮೇಲಿನ ಅಕ್ಕರೆ ನಮ್ಮಲ್ಲಿ ಬತ್ತಿಲ್ಲ: ಕಾರಹುಣ್ಣಿಮೆಯ ಕಾಲದಲ್ಲಿ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರವಾದ ಕಲ್ಲನ್ನೆಳೆಯುವುದನ್ನೂ ಕುಸ್ತಿಯನ್ನೂ ನೋಡಲು ಇಂದಿಗೂ ಜನ ಕಿಕ್ಕಿರಿಯುವರು.

ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿ, ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸಿದ ಕೆ. ವಿ. ಅಯ್ಯರ್ ಅವರು ಕನ್ನಡಿಗರಿಗೆ ಶಾಂತಲಾ, ರೂಪದರ್ಶಿ ಕಾದಂಬರಿಗಳ ಕರ್ತೃವಾಗಿ ಹೆಚ್ಚು ಪರಿಚಿತರು. ದೇಹದಾರ್ಢ್ಯವನ್ನು ಸೌಂದರ್ಯದೃಷ್ಟಿಯಿಂದ ಕಂಡ ಆ ತಲೆಮಾರಿನವರು ಸ್ನಾಯುಗಳನ್ನು ಒಂದೊಂದಾಗಿ ರೂಪಿಸುವುದರಲ್ಲಿ ಆಸಕ್ತರಾಗಿದ್ದರು. ಅಂದಿನಿಂದೀಚೆಗೆ ಶಾಸ್ತ್ರವು ಪಡೆದ ತಿರುವು ಬೇರೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಅವರಂಥ ಸಂಶೋಧಕರು ಬೆನ್ನೆಲುಬಿನ ಮೇಲೆ ಬೀಳುವ ಹೊರೆಗಳನ್ನು ಅಳೆದು, ನಡುವಿನ ಸ್ನಾಯುಗಳಿಗೆ ಗರಿಷ್ಠ ಬಲಕ್ಕಿಂತಲೂ ಬಹುಕಾಲ ದಣಿಯದೆ ನಿಲ್ಲುವ ಸಹಿಷ್ಣುತೆಯೇ ಮುಖ್ಯವೆಂದೂ, ಅದನ್ನು ಬೆನ್ನು ಬಾಗದ ಭಂಗಿಗಳಲ್ಲಿಯೇ ಸಾಧಿಸಬೇಕೆಂದೂ ತೋರಿಸಿದರು.

ಹಾಗಾದರೆ ಮೈಮುರಿದು ದುಡಿಯುವವರಿಗೆ ಇದೆಲ್ಲ ಬೇಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ದೇವದುರ್ಗದ ಕಡೆಯ ಹಳ್ಳಿಗಳಲ್ಲಿ ಕೊಡವನ್ನು ಎಡ ಟೊಂಕದ ಮೇಲಿಟ್ಟು ಬಲಗೈ ಬೀಸುತ್ತ ಬರುವ ಹೆಣ್ಣುಮಗಳು ನಾವು ಮೇಲೆ ಹೇಳಿದ ಬಕೆಟ್ಟಿನ ವ್ಯಾಯಾಮವನ್ನು ಬಾಲ್ಯದಿಂದಲೂ ಮಾಡುತ್ತಿರುವವಳು. ಆದರೆ ಆಯುಷ್ಯವಿಡೀ ಒಂದೇ ಪಕ್ಕದಲ್ಲಿ ಮಾಡಿದುದರಿಂದ ಆಕೆಯ ಬಲ ಅಳ್ಳೆ ಗಟ್ಟಿ, ಎಡ ಅಳ್ಳೆ ಸೋಮಾರಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮಾನ್ವಿಯ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿದಂದಿನಿಂದ ಭತ್ತದ ನಾಟಿಗೆ ಇಳಿಯುವ ಹೆಂಗಸರು ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಾಗಿದ ನಡುವನ್ನು ಸ್ವಲ್ಪವೇ ಒಂದು ಕಡೆಗೆ ತಿರುಚಿ, ಹಿಂದಹಿಂದಕ್ಕೆ ಸರಿಯುತ್ತ ದಿನವನ್ನು ಕಳೆಯುವರು. ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುವವರ ಪಾಡೂ ಇದಕ್ಕಿಂತ ದೂರವಿಲ್ಲ. ಸಂಜೆಗೆ "ಟೊಂಕ ಹಿಡಕಂಡೈತಿ" ಎನ್ನುವ ಇವರಿಗೆ ಮತ್ತಷ್ಟು ಬಾಗುವ ವ್ಯಾಯಾಮವನ್ನು ಹೇಳುವುದು ಕ್ರೌರ್ಯ. ಅವರಿಗೆ ಬೇಕಾದುದು ನಡುನಡುವೆ ನೆಟ್ಟಗೆ ನಿಂತು ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಮೆಲ್ಲಗೆ ಸೆಟೆಯುವ ಅವಕಾಶ, ಮತ್ತು ಕೊಡವನ್ನು ಪಕ್ಕ ಬದಲಿಸಿ ಹೊರುವ ರೂಢಿ.

ರಾಯಚೂರಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜಿನ ಹಮಾಲರ ಮಾತು ಬೇರೆ. ನಮ್ಮ ಸೀಮೆಯಲ್ಲಿ ಭತ್ತದ ಲೆಕ್ಕ ನಡೆಯುವುದು 75 ಕಿಲೋದ ಚೀಲದಲ್ಲಿ. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ವಯಸ್ಕ ಪುರುಷನೊಬ್ಬನು ಹೊರತಕ್ಕ ಭಾರ 55 ಕಿಲೋವನ್ನು ಮೀರಿದಲ್ಲಿ ಅದನ್ನು ಆದಷ್ಟು ಬೇಗ ತಗ್ಗಿಸಲು ಕ್ರಮ ಕೈಗೊಳ್ಳಬೇಕೆಂದು ಶಿಫಾರಸು ಮಾಡಿತು. ಚೀಲವನ್ನು ಒಂದು ಹೆಗಲಿಗೆ ಹಾಕಿಕೊಂಡು ಹಲಗೆಯ ಮೇಲೆ ಲಾರಿ ಏರುವವನ ಅಳ್ಳೆಗೆ ಯಾವ ಸಾಮಿನ ಕೊರತೆಯೂ ಇಲ್ಲ. ಆತನ ನಡುವನ್ನು ಉಳಿಸತಕ್ಕದ್ದು ವ್ಯಾಯಾಮವಲ್ಲ, ಸಣ್ಣ ಚೀಲ.

ಉಳಿದವರು, ಎಂದರೆ ಕುಳಿತು ದುಡಿಯುವ ನನ್ನಂಥವರು, ಮಾಡಬೇಕಾದುದನ್ನು ಈಗ ಹೇಳುತ್ತೇನೆ. ಮೊದಲನೆಯದೂ ಶ್ರೇಷ್ಠವಾದುದೂ ಪಾರ್ಶ್ವಸೇತು. ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿ, ಮೊಣಕೈಯನ್ನು ಭುಜದ ನೇರ ಕೆಳಗೆ ಊರಿ, ಮೊಣಕಾಲುಗಳನ್ನು ಮಡಿಸಿ, ಸೊಂಟವನ್ನು ನೆಲದಿಂದ ಮೇಲೆತ್ತಬೇಕು; ಭುಜದಿಂದ ಮೊಣಕಾಲಿನವರೆಗೆ ಮೈ ಒಂದೇ ಗೆರೆಯಲ್ಲಿರಬೇಕು, ಪೃಷ್ಠ ಹಿಂದಕ್ಕೆ ಸರಿಯಕೂಡದು, ಮೇಲಿನ ಭುಜ ಮುಂದಕ್ಕೆ ಮಗುಚಕೂಡದು. ಹತ್ತು ಎಣಿಸುವಷ್ಟು ಹೊತ್ತು, ಉಸಿರು ಕಟ್ಟದೆ, ಹಿಡಿದು ಇಳಿಸಬೇಕು. ಒಂದೇ ಉಸುರಿಗೆ ಮೈ ನಡುಗುವವರೆಗೂ ಹಿಡಿಯುವ ಹಟ ಬೇಡ; ಹತ್ತೆಣಿಕೆಯ ಹಿಡಿತಗಳನ್ನು ಮೊದಲ ಸರದಿಯಲ್ಲಿ ಐದು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಮೂರು ಎಂದು ಇಳಿಸುತ್ತ ಬಂದರೆ ಭಂಗಿಯೂ ಕೆಡದು, ಸ್ನಾಯುವೂ ತಕ್ಕಷ್ಟು ದುಡಿಯುವುದು. ಇದು ಸುಲಭವಾದ ಮೇಲೆ ಕಾಲುಗಳನ್ನು ನೀಡಿ, ಮೇಲಿನ ಪಾದವನ್ನು ಕೆಳಗಿನದರ ಮುಂದಿಟ್ಟು, ಪಾದಗಳ ಮೇಲೆಯೇ ಏಳಬೇಕು. ಯೋಗಾಸನಗಳನ್ನು ಬಲ್ಲವರಿಗೆ ಇದು ವಸಿಷ್ಠಾಸನದ ಬಂಧುವೆಂಬುದು ಹೊಳೆದಿರಬಹುದು. ಅಲ್ಲಿ ಮೊಣಕೈಗೆ ಬದಲಾಗಿ ಅಂಗೈ ಊರುವುದರಿಂದ ಮಣಿಕಟ್ಟಿನ ಬಲವೂ ಬೇಕಾಗುವುದು. ನೆಲಕ್ಕೆ ಇಳಿಯಲಾರದ ವೃದ್ಧರು ಗೋಡೆಗೆ ಪಕ್ಕವಾಗಿ ನಿಂತು, ಮುಂಗೈಯನ್ನು ಗೋಡೆಗೆ ಊರಿ, ಪಾದಗಳನ್ನು ಒಂದು ಮೊಳದಷ್ಟು ದೂರ ಸರಿಸಿ, ಮೈಯನ್ನು ಹಲಗೆಯಂತೆ ನೇರವಾಗಿ ವಾಲಿಸಿ ನಿಂತರೂ ಸಾಕು.

ಎರಡನೆಯದು ಬಕೆಟ್ಟು. ಅದಕ್ಕೆ ಅರ್ಧ ನೀರು ತುಂಬಿ ಒಂದು ಕೈಯಲ್ಲಿ ಹಿಡಿದು, ಎರಡು ಭುಜಗಳೂ ಸಮನಾಗಿರುವಂತೆ, ಎದುರು ಪಕ್ಕಕ್ಕೆ ವಾಲದೆ, ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ನಡೆದು, ಕೈ ಬದಲಿಸಿ ಹಿಂದಿರುಗಬೇಕು. ನೀರು ತುಳುಕುವುದು ನಡಿಗೆಯ ದೋಷವನ್ನು ತಾನೇ ಹೇಳಿಕೊಡುವುದು. ವಾರ ಕಳೆದಂತೆ ನೀರನ್ನು ಏರಿಸಬಹುದು. 15 ಲೀಟರಿನ ತುಂಬು ಬಕೆಟ್ಟು ಎಂದರೆ 15 ಕಿಲೋಗಿಂತ ತುಸು ಹೆಚ್ಚು, ಮನೆಯ ಮಂದಿಗೆ ಅದಕ್ಕೂ ಮಿಗಿಲಾದ ಭಾರ ಬೇಕಾಗುವುದಿಲ್ಲ.

ಮೂರನೆಯದಕ್ಕೆ ಹಳೆಯ ಸೈಕಲ್ ಟ್ಯೂಬೊಂದು ಸಾಕು. ಅದನ್ನು ಎದೆಯ ಎತ್ತರದಲ್ಲಿ ಕಿಟಕಿಯ ಸರಳಿಗೆ ಬಿಗಿದು, ಕಿಟಕಿಗೆ ಪಕ್ಕವಾಗಿ ನಿಂತು, ಇನ್ನೊಂದು ತುದಿಯನ್ನು ಎರಡು ಕೈಗಳಿಂದ ಎದೆಗೆ ಹಿಡಿದು ತುಸು ದೂರ ಸರಿದರೆ ಟ್ಯೂಬು ಸೆಳೆಯತೊಡಗುವುದು. ಈಗ ಕೈಗಳನ್ನು ಮುಂದಕ್ಕೆ ನೀಳವಾಗಿ ಚಾಚಬೇಕು. ಕೈ ದೂರ ಹೋದಷ್ಟೂ ಟ್ಯೂಬು ಮೈಯನ್ನು ಕಿಟಕಿಯತ್ತ ತಿರುಗಿಸಲು ಹವಣಿಸುವುದು, ನಾವು ತಿರುಗದೆ ನಿಲ್ಲುವುದು: ವ್ಯಾಯಾಮವೆಂದರೆ ಇಷ್ಟೇ. ಹೊರಗಿನಿಂದ ನೋಡಿದವರಿಗೆ ಏನೂ ನಡೆದಂತೆ ಕಾಣದು, ಆದರೆ ಐದಾರು ಸಲದಲ್ಲಿಯೇ ಅಳ್ಳೆಗಳು ಮಾತನಾಡತೊಡಗುವುವು. ಗದೆಯನ್ನು ಮಾತ್ರ ವಸ್ತಾದರಿಲ್ಲದೆ ಮುಟ್ಟಬೇಡಿ.

ಕೆಲವರು ತಡೆಯಬೇಕು. ತೊಡೆಸಂದಿಯಲ್ಲಿ ಹರ್ನಿಯಾ ಇರುವವರು ವೈದ್ಯರನ್ನು ಕೇಳದೆ ಭಾರವೆತ್ತಕೂಡದು, ಏಕೆಂದರೆ ಆ ಸಂದಿಯ ಕಟ್ಟು ಬಾಹ್ಯ ತಿರ್ಯಕ್ ಸ್ನಾಯುವಿನ ಕೆಳ ಅಂಚಿನಿಂದಲೇ ಆದುದು. ರಕ್ತದ ಒತ್ತಡವುಳ್ಳವರು ಉಸಿರು ಬಿಗಿಹಿಡಿಯುವುದನ್ನು ಸರ್ವಥಾ ವರ್ಜಿಸಬೇಕು. ಕಾಲಿನತ್ತ ಹರಿದು ಬರುವ ನೋವು, ಮರಗಟ್ಟುವಿಕೆ ಇದ್ದವರಿಗೂ, ಶಸ್ತ್ರಚಿಕಿತ್ಸೆಯ ಹೆರಿಗೆಯಾಗಿ ತಿಂಗಳುಗಳು ಕಳೆಯದ ತಾಯಂದಿರಿಗೂ ವೈದ್ಯರನ್ನು ಕೇಳಿಯೇ ತೊಡಗಬೇಕೆಂಬ ಮಾತು ಸಲ್ಲುವುದು. ಇನ್ನು, ಬಿಸಿಲಿನಲ್ಲಿ ಬೆವರಿ ನೀರು ಸಾಲದಾಗುವ ನಮ್ಮ ನಾಡಿನಲ್ಲಿ ಅಳ್ಳೆಯ ನೋವೆಲ್ಲ ಸ್ನಾಯುವಿನದೆಂದು ತಿಳಿಯಲೂ ಬಾರದು. ಅಲೆಯಲೆಯಾಗಿ ಬಂದು ತೊಡೆಸಂದಿಗೆ ಇಳಿಯುವ, ಯಾವ ಮಗ್ಗುಲಿಗೆ ಹೊರಳಿದರೂ ಶಮನವಾಗದ ನೋವು ಮೂತ್ರಪಿಂಡದ ಹರಳಿನದಿರಬಹುದು, ಅದಕ್ಕೆ ಆಸ್ಪತ್ರೆಯೇ ದಾರಿ.

ವಾರಕ್ಕೆ ಮೂರು ನಾಲ್ಕು ದಿನ, ದಿನಕ್ಕೆ ಕಾಲು ಗಂಟೆ ಧಾರಾಳವಾಯಿತು. ಉಷ್ಣಮಾನ 40 ಡಿಗ್ರಿಯನ್ನು ದಾಟುವ ಏಪ್ರಿಲ್ ಮೇ ತಿಂಗಳುಗಳಲ್ಲಿ ಅದನ್ನೂ ತಗ್ಗಿಸಬಹುದು. ಅರ್ಧಶಕ್ತಿಯ ವ್ಯಾಯಾಮವನ್ನು ಶೀತಕಾಲಕ್ಕೂ ವಸಂತಕ್ಕೂ ವಿಧಿಸಿದ ವಾಗ್ಭಟನು ಉಳಿದ ಋತುಗಳಿಗೆ ಅದಕ್ಕಿಂತ ಕಡಿಮೆಯನ್ನು ಹೇಳಿದ್ದಾನೆ, ಉಸಿರು ಬಾಯಿಯಿಂದ ಹೊರಡತೊಡಗಿದರೆ ಅರ್ಧಬಲ ಮುಗಿಯಿತೆಂದು ತಿಳಿಯಬೇಕೆಂಬುದು ಸುಶ್ರುತನ ಲಕ್ಷಣ. ಪ್ರಗತಿಯನ್ನು ಅಳೆಯಲು ದರ್ಜಿಯ ಟೇಪು ಬೇಡ, ಗಡಿಯಾರ ಬೇಕು. ತಿಂಗಳಿಗೊಮ್ಮೆ ಮಾತ್ರ, ಕಾಲು ನೀಡಿದ ಪಾರ್ಶ್ವಸೇತುವನ್ನು ಭಂಗಿ ಕೆಡುವವರೆಗೆ ಹಿಡಿದು, ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಬರೆದಿಡಿ. ಆರೋಗ್ಯವಂತ ತರುಣರು ಒಂದೂವರೆ ನಿಮಿಷದ ಆಸುಪಾಸಿನಲ್ಲಿಯೂ ತರುಣಿಯರು ಒಂದು ಕಾಲು ನಿಮಿಷದ ಆಸುಪಾಸಿನಲ್ಲಿಯೂ ನಿಲ್ಲುವರು. ಆ ಸಂಖ್ಯೆಯನ್ನು ಮುಟ್ಟದಿದ್ದರೆ ಚಿಂತೆಯಿಲ್ಲ. ಎರಡು ಪಕ್ಕಗಳ ನಡುವೆ ನೂರಕ್ಕೆ ಐದಕ್ಕಿಂತ ಹೆಚ್ಚಿನ ಅಂತರ ಕಂಡರೆ ಮಾತ್ರ, ಮುಂದಿನ ತಿಂಗಳೆಲ್ಲ ದುರ್ಬಲವಾದ ಪಕ್ಕದಿಂದಲೇ ಆರಂಭಿಸಿ, ಪ್ರತಿ ಸರದಿಯಲ್ಲಿಯೂ ಆ ಪಕ್ಕಕ್ಕೆ ಒಂದು ಹಿಡಿತವನ್ನು ಹೆಚ್ಚಾಗಿ ಕೊಡಿ.